ಎಲ್ಲರಿಗೂ ಹೇಳುವ ಮಾತು

"ಮುಟ್ಟಬ್ಯಾಡ್ರಿ ನನ್ನ!"

ಸುನಿತಾ ಚೀರಿದ್ದಕ್ಕೆ ಡಾಕ್ಟರ್ ಹೇಮಂತನ ಕೈಯ ಸೂಜಿ ಅಲ್ಲೇ ನಿಂತಿತು.

ಮುಂಡರಗಿಯ ಬಟ್ಟೆ ಅಂಗಡಿಯವರ ಮಗಳು ಅವಳು. ಅರ್ಧ ತಲೆನೋವಿಗೆ ಅವಳು ನುಂಗದ ಗುಳಿಗೆಯಿರಲಿಲ್ಲ. ಗದಗಿನ ಆಸ್ಪತ್ರೆಯೊಂದರಲ್ಲಿ ಅಕ್ಯುಪಂಕ್ಚರ್ ಸಂಶೋಧನೆ ನಡೆದಿದೆ ಎಂದು ಕೇಳಿ ಬಂದಿದ್ದಳು. ಕೆಲವರಿಗೆ ಖರೆ ಸೂಜಿ, ಕೆಲವರಿಗೆ ಚರ್ಮದೊಳಗೆ ಇಳಿಯದ ಸುಳ್ಳು ಸೂಜಿ. ಯಾರಿಗೆ ಯಾವುದೆಂದು ಕೊನೆಯವರೆಗೂ ಹೇಳುವುದಿಲ್ಲ ಎಂದು ಮೊದಲೇ ತಿಳಿಸಿದ್ದರು.

"ಹೆದರಬ್ಯಾಡ್ರಿ," ಎಂದ ಹೇಮಂತ. "ನೋವಾದ್ರ ಹೇಳ್ರಿ. ನಾ ಇಲ್ಲೇ ಅದೀನಿ."

ನಾ ಇಲ್ಲೇ ಅದೀನಿ...

ಇಷ್ಟು ಮೆತ್ತಗೆ ಅವಳಿಗೆ ಯಾರು ಹೇಳಿದ್ದರು? ಮನೆಯಲ್ಲಿ "ನಾಟಕ ಸಾಕು ಮಾಡು" ಅನ್ನುವವರೇ ಎಲ್ಲರೂ! ವಾರವಾರ ಬಸ್ಸು ಹತ್ತಿ ಬಂದಳು. ತಲೆನೋವು ಇಳಿಯಿತು. ಮನಸ್ಸು ಅವನ ಹತ್ತಿರವೇ ಉಳಿಯಿತು.

ಒಂದು ದಿನ ಪರದೆಯಾಚೆ ಅದೇ ದನಿ. ಸೂಜಿಗೆಂದೇ ಬಂದಿದ್ದ ಹುಚ್ಚೀರಪ್ಪಜ್ಜನಿಗೆ ಹೇಮಂತ ಹೇಳುತ್ತಿದ್ದ:

"ಹೆದರಬ್ಯಾಡ್ರಿ. ನೋವಾದ್ರ ಹೇಳ್ರಿ. ನಾ ಇಲ್ಲೇ ಅದೀನಿ."

"ಮತ್ತೆಲ್ಲಿಗೆ ಹೋಗ್ತೀಯೋ ತಮ್ಮಾ? ಜಲ್ದಿ ಚುಚ್ಚು!" ಅಜ್ಜ ನಕ್ಕ.

ಸುನಿತಾ ಅಲ್ಲೇ ಇದ್ದ ನರ್ಸಿನ ಕಡೆ ತಿರುಗಿದಳು. "ಅದು ನನಗ ಹೇಳೂ ಮಾತು ಅಲ್ಲೇನು?"

ನರ್ಸ್ ವನಿತಾ ಅಂದಳು, "ಎಲ್ಲಾರಿಗೂ ಅದನ್ನ ಹೇಳಬೇಕವ್ವಾ. ನಿಯಮ ಐತಿ. ಒಬ್ಬರಿಗೆ ಹೆಚ್ಚು ಅಂತಃಕರಣದಿಂದ ಮಾತಾಡಿದ್ರ, ನೋವು ಸೂಜಿಲೇ ಇಳೀತೋ ಮಾತಿಲೇ ಇಳೀತೋ ಹ್ಯಾಂಗ ತಿಳೀತೈತಿ? ಅಂದಂಗ... ನಿಮ್ಮನ್ನ ಸಂಶೋಧನೆದಾಗಿಂದ ತಗದಾರ. ಡಾಕ್ಟರೇ ತಗಿಸ್ಯಾರ."

ಥೂ! ಬಾಯಿಪಾಠಕ್ಕೆ ಮನಸ್ಸು ಕೊಟ್ಟೆನಲ್ಲ!

ಅವಳ ಹಿಂದೆಯೇ ಬಸ್ ನಿಲ್ದಾಣಕ್ಕೆ ಹೇಮಂತ ಓಡಿ ಬಂದ.

"ಯಾಕ್ ಬಂದ್ರಿ? ಆ ಪಾಠ ಇನ್ನೊಮ್ಮೆ ಒಪ್ಪಸಾಕ? ನನ್ನ ನೋವು ನಿಮ್ಮ ಲೆಕ್ಕಕ್ಕೂ ಬರಲಿಲ್ಲೇನು?"

"ಸುನಿತಾ... ನಿಮ್ಮ ನೋವು ಇಳೀಲಿ ಅಂತ ನಾ ಬೇಡಿಕೊಳ್ಳಾಕ ಹತ್ತಿದ್ದೆ. ಅಂಥವ ಅದು ಇಳೀತೋ ಇಲ್ಲೋ ಅಂತ ಹ್ಯಾಂಗ ಅಳೀಲಿ? ಎಲ್ಲಾರಿಗೂ ಹೇಳೂ ಮಾತು ನಿಮ್ಮ ಮುಂದ ಖರೆ ಆಗಿಬಿಡ್ತು. ಸಂಶೋಧನೆ ನಡಸೂ ಗುರುಗಳ ಮುಂದ ಒಪ್ಕೊಂಡೆ. ನಾಳಿಂದ ನನ್ನನ್ನೂ ಹೊರಗ ಹಾಕ್ಯಾರ."

"ನನಗ ಚುಚ್ಚಿದ್ದು ಯಾವ ಸೂಜಿ?"

ಅವನು ತಲೆ ತಗ್ಗಿಸಿದ. "ಸುಳ್ಳು ಸೂಜಿ."

ಕಪಾಳಕ್ಕೆ ಬಿಗಿಯಬೇಕೆನ್ನಿಸಿತು ಅವಳಿಗೆ!

"ಅಂದ್ರ ನಾ ನಾಟಕ ಮಾಡಿದ್ನೇನು?"

"ಇಲ್ಲ! ನೋವೂ ಖರೆ, ಇಳಿದದ್ದೂ ಖರೆ. ಯಾಕ ಇಳೀತು... ನನಗ ಗೊತ್ತಿಲ್ಲ."

ಅವಳ ತಲೆಯ ಬಗ್ಗೆ ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಗೊತ್ತಿಲ್ಲ ಅಂದವನು ಇವನೊಬ್ಬನೇ. ಸಿಟ್ಟು ಇಳಿಯಲಿಲ್ಲ. ಆದರೆ ಕಣ್ಣು ತುಂಬಿತು.

"ಈಗ ನೋಯಾಕತ್ತೈತೇನು?"

"ಸಿಡಿಯಾಕತ್ತೈತಿ."

"ಏನ್ ಮಾಡ್ಲಿ?"

"ಇಷ್ಟೆಲ್ಲಾ ಓದೀರಿ, ಅದನ್ನೂ ನಾನ ಹೇಳಬೇಕೇನು? ಬಿಸಿಲಿಗೆ ಅಡ್ಡ ನಿಂದರ್ರಿ."

ನಿಂತ. ಅವನ ನೆರಳು ಅವಳ ಹಣೆಯ ಮೇಲೆ ಬಿತ್ತು.

"ನಿಮ್ಮ ಬಸ್ ಬಂತು..."

"ಕಾಣ್ತೈತಿ. ನೀವು ಸರೀಬ್ಯಾಡ್ರಿ."