ಮಾವಿನ ಮರಕ್ಕೊಂದು ಮೀನಿನ ತಲೆ

"ಕುಕೋ ತಾತ, ನಿಮ್ಮ ಹತ್ರ ಒಂದು ತಲೆ ಇದೆಯಾ?"

ಮೀನು ಹೆಚ್ಚುತ್ತಿದ್ದ ದೋನ್ ಕುಕೋ ಕತ್ತೆತ್ತಿ ನೋಡಿದರು. ಎರಡು ಹಿತ್ತಲ ನಡುವಿನ ಗೋಡೆಯ ಮೇಲೆ ಪಕ್ಕದ ಮನೆಯ ಹುಡುಗಿ ಅರೇಲಿಯ ಮುಖ ಮೂಗಿನವರೆಗೆ ಮಾತ್ರ ಕಾಣುತ್ತಿತ್ತು.

"ಇದೆಯಲ್ಲ, ಹೆಗಲ ಮೇಲೇ ಇದೆ. ಒಳಗೆ ಏನೂ ಇಲ್ಲ ಅಂತಾಳೆ ನಿಮ್ಮಜ್ಜಿ."

"ಅಯ್ಯೋ, ಅದಲ್ಲ. ಮೀನಿನ ತಲೆ. ಹಳೇದು. ಗಬ್ಬು ನಾರೋದು."

ಕುಕೋ ಚಾಕು ಕೆಳಗಿಟ್ಟರು. ನಲವತ್ತು ವರ್ಷ ಮೀನು ಮಾರಿದ್ದರೂ ಹಳೆಯದೇ ಬೇಕು ಎಂದು ಕೇಳಿಕೊಂಡು ಬಂದ ಗಿರಾಕಿಯನ್ನು ಅವರು ಕಂಡಿರಲಿಲ್ಲ.

"ಸೂಪಿಗಾ?"

"ಅಲ್ಲ. ಮರಕ್ಕೆ."

ಕುಕೋ ಅರೇಲಿಯ ಹಿಂದಿದ್ದ ಮಾವಿನ ಮರವನ್ನು ನೋಡಿದರು. ಮರದ ತುಂಬ ಹೂವು. ಎಲೆ ಕಾಣದಷ್ಟು ಹೂವು. ಆಮೇಲೆ ನೊಣ ಮುತ್ತಿದ್ದ ತಮ್ಮ ಹಿತ್ತಲ ಮಾವಿನ ಮರವನ್ನು ನೋಡಿದರು. ನಿಧಾನವಾಗಿ ಅವರ ಮೀಸೆಯ ಕೆಳಗೆ ನಗು ಹರಡಿತು.

"ಓಹೋ! ನೊಣಕ್ಕೆ ಊಟ ಹಾಕ್ತೀಯಾ? ನಿಮ್ಮಜ್ಜಿಗೆ ಗೊತ್ತಾದರೆ ನನ್ನನ್ನೂ ನಿನ್ನನ್ನೂ ಒಂದೇ ಬ್ಯಾಟಲ್ಲಿ ಹೊಡೀತಾಳೆ."

"ಅದಕ್ಕೇ ನೀವು ಯಾರಿಗೂ ಹೇಳಬಾರದು. ಪ್ರಾಮಿಸ್?"

ಕುಕೋ ಮೀನು ಹೆಚ್ಚುತ್ತಿದ್ದ ಕೈಯನ್ನು ಎದೆಯ ಮೇಲಿಟ್ಟುಕೊಂಡರು. "ಪ್ರಾಮಿಸ್."

ಆ ಮರ ಅರೇಲಿಯದು. ಅವಳು ಹುಟ್ಟಿದಾಗ ಅಜ್ಜಿ ಅವಳ ಹೊಕ್ಕಳಬಳ್ಳಿಯನ್ನು ಹಿತ್ತಲ ಮೂಲೆಯಲ್ಲಿ ಹೂತು, ಅದರ ಮೇಲೆ ಅಮ್ಮ ತಿಂದ ಹಣ್ಣಿನ ವಾಟೆ ನೆಟ್ಟಿದ್ದರು. ಈಗ ಇಬ್ಬರಿಗೂ ಹತ್ತು ವರ್ಷ. ಮರ ಮಾತ್ರ ಸ್ವಲ್ಪ ಉದ್ದ.

ಮೂರು ವರ್ಷದಿಂದ ಪ್ರತಿ ಜನವರಿಯಲ್ಲೂ ಮರ ಹೂ ಬಿಡುತ್ತಿತ್ತು. ಮಾರ್ಚ್ ಹೊತ್ತಿಗೆ ಹೂವೆಲ್ಲ ಒಣಗಿ ಉದುರುತ್ತಿತ್ತು. ಒಂದೇ ಒಂದು ಕಾಯಿ ಕಚ್ಚಿದ್ದಿಲ್ಲ. ಎಸ್ಕುಯಿನಾಪಾ ಊರಲ್ಲಿ ಮಾವಿಗೇನೂ ಬರವಿಲ್ಲ. ಜೂನ್ ಬಂತೆಂದರೆ ಬೇಡ ಬೇಡ ಎಂದರೂ ಜನ ಬಕೆಟ್ ತುಂಬ ಹಣ್ಣು ತಂದು ಬಾಗಿಲಲ್ಲಿಟ್ಟು ಓಡಿಹೋಗುತ್ತಾರೆ. ಆದರೆ ಅವೆಲ್ಲ ಬೇರೆಯವರ ಮರದ್ದು. ಅರೇಲಿಗೆ ತನ್ನ ಮರದ ಒಂದು ಹಣ್ಣು ಬೇಕಿತ್ತು. ಒಂದೇ ಒಂದು.

"ಬರೀ ಹೂವು, ಕಾಯಿ ಇಲ್ಲ. ನಿನ್ನ ಹೋಂವರ್ಕ್ ಥರಾನೇ!" ಎಂದು ಕ್ಲಾಸಿನ ದಾರಿಯೋ ರೇಗಿಸುತ್ತಿದ್ದ.

ಹೋದ ವಾರ ಸೈನ್ಸ್ ಟೀಚರ್ ಹೇಳಿದ್ದರು: "ಒಂದು ಹೂವಿಂದ ಇನ್ನೊಂದಕ್ಕೆ ಪರಾಗ ಹೊತ್ತುಕೊಂಡು ಹೋಗೋಕೆ ಯಾರಾದ್ರೂ ಬೇಕಲ್ಲ? ಮಾವಿನ ಹೂವಿಗೆ ಜಾಸ್ತಿ ಬರೋದು ನೊಣಗಳೇ."

"ಟೀಚರ್, ನೊಣವೇ ಇಲ್ಲದ ಮನೇಲಿ?"

"ಈ ಊರಲ್ಲಿ ನೊಣ ಇಲ್ಲದ ಮನೆ ಎಲ್ಲಿದೆ, ಅರೇಲಿ?"

ಎಲ್ಲರೂ ನಕ್ಕರು. ಅರೇಲಿ ನಗಲಿಲ್ಲ. ಅಂಥ ಮನೆ ಒಂದಿತ್ತು. ಅವಳು ಅದರಲ್ಲೇ ಇದ್ದಳು.

ಅವಳ ಅಜ್ಜಿ ದೋನ್ಯಾ ಎರ್ಮಿನಿಯಾಗೆ ಈ ಲೋಕದಲ್ಲಿ ಇದ್ದದ್ದು ಒಂದೇ ಶತ್ರು. ಬೆಳಿಗ್ಗೆ ಎದ್ದು ಶಿಲುಬೆಯ ಗುರುತು ಮಾಡಿಕೊಂಡ ಕೈ ನೇರವಾಗಿ ನೊಣ ಹೊಡೆಯುವ ಬ್ಯಾಟಿಗೆ ಹೋಗುತ್ತಿತ್ತು. ಅಂಗಳಕ್ಕೆ ದಿನಕ್ಕೆರಡು ಸಲ ಫಿನಾಯಿಲ್. ಸಾಲದ್ದಕ್ಕೆ ನೀರಿನ ಚೀಲಗಳು. ತೆಳು ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ ತೂಗುಹಾಕಿದರೆ ಬಿಸಿಲಿಗೆ ಫಳಫಳ ಮಿಂಚುತ್ತದೆ, ನೊಣ ಹೆದರಿ ಓಡುತ್ತದೆ ಎಂದು ಊರಿನವರೆಲ್ಲ ನಂಬಿದ್ದರು. ಬೇರೆಯವರು ಬಾಗಿಲಿಗೊಂದು ಕಟ್ಟಿದರೆ, ಅಜ್ಜಿ ಮಾವಿನ ಮರವೊಂದಕ್ಕೇ ಹದಿನಾಲ್ಕು ಕಟ್ಟಿದ್ದರು.

ಕುಕೋ ತಾತನ ಹಿತ್ತಲು ಇದಕ್ಕೆ ಪೂರಾ ಉಲ್ಟಾ. ಕೋಳಿ, ಮೀನಿನ ಪೊರೆ, ಎರಡು ಬೆಕ್ಕು, ನೊಣಗಳ ಜಾತ್ರೆ. ಅವರ ಮರ ಪ್ರತಿ ವರ್ಷ ಕಾಯಿಯ ಭಾರಕ್ಕೆ ಗೋಡೆಗೆ ಒರಗಿಕೊಳ್ಳುತ್ತಿತ್ತು.

ಅರೇಲಿ ಈರುಳ್ಳಿಯ ಬಲೆ ಚೀಲದಲ್ಲಿ ಮೀನಿನ ತಲೆ ಹಾಕಿ, ಗೋಡೆ ಹತ್ತಿ, ಎರಡು ನೀರಿನ ಚೀಲಗಳ ನಡುವೆ ದಟ್ಟ ಎಲೆಯ ಮರೆಯಲ್ಲಿ ಕಟ್ಟಿದಳು. ಅರ್ಧ ಗಂಟೆಯಲ್ಲಿ ಮೊದಲ ನೊಣ ಬಂತು. ನೀಲಿ ಹೊಟ್ಟೆಯ ದಪ್ಪ ನೊಣ. ಅದು ನೀರಿನ ಚೀಲಕ್ಕೆ ಹೆದರಲಿಲ್ಲ. ಚೀಲದ ಮೇಲೇ ಕೂತು ಕೈ ಉಜ್ಜಿಕೊಂಡಿತು.

"ಸ್ವಾಗತ," ಎಂದು ಅರೇಲಿ ಪಿಸುಗುಟ್ಟಿದಳು.

ಮರುದಿನ ಅಜ್ಜಿ ಅಂಗಳದ ನಡುವೆ ನಿಂತು ಮೂಗರಳಿಸಿದರು.

"ಏನೋ ಸತ್ತಿದೆ."

ಮೊದಲು ಚರಂಡಿ ತೊಳೆದರು. ಆಮೇಲೆ ನಾಯಿಗೆ ಸ್ನಾನ ಮಾಡಿಸಿದರು. ಕೊನೆಗೆ ಅರೇಲಿಯ ಶೂ ಮೂಸಿ, "ಇದೇ ನೋಡು!" ಎಂದು ಎರಡನ್ನೂ ಸೋಪಿನ ನೀರಲ್ಲಿ ಮುಳುಗಿಸಿದರು. ಅರೇಲಿ ಒದ್ದೆ ಶೂ ಹಾಕಿಕೊಂಡು ಪಚಕ್ ಪಚಕ್ ಎನ್ನುತ್ತ ಸ್ಕೂಲಿಗೆ ಹೋದಳು. ದೂರಲಿಲ್ಲ. ಮರದ ಮೇಲೆ ಈಗ ಗುಂಯ್ ಎಂಬ ಸದ್ದಿತ್ತು.

ಎಡವಟ್ಟು ಆದದ್ದು ಅದೇ ವಾರ ಬಂದ ಕಾಂದೆಲಾರಿಯಾ ಹಬ್ಬದಿಂದ. ಜನವರಿ ಆರರಂದು, ಮೂವರು ಅರಸರ ಹಬ್ಬದಲ್ಲಿ, ಎಲ್ಲರೂ ಹಂಚಿಕೊಂಡು ತಿನ್ನುವ ಬ್ರೆಡ್ಡಿನೊಳಗೆ ಬೆರಳ ತುದಿಯಷ್ಟು ಪುಟ್ಟ ಗೊಂಬೆ ಇರುತ್ತದೆ. ಅದು ಯಾರ ತುಂಡಿನಲ್ಲಿ ಸಿಗುತ್ತದೋ ಅವರು ಫೆಬ್ರವರಿ ಎರಡಕ್ಕೆ, ಕಾಂದೆಲಾರಿಯಾ ಹಬ್ಬದ ದಿನ, ಎಲ್ಲರಿಗೂ ತಮಾಲೆ, ಅಂದರೆ ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸುವ ಕಡುಬು, ಮಾಡಿ ಹಾಕಬೇಕು. ಆ ಖರ್ಚು ತಪ್ಪಿಸಿಕೊಳ್ಳಲು ಕೆಲವರು ಸಿಕ್ಕ ಗೊಂಬೆಯನ್ನು ನುಂಗಿಯೇ ಬಿಡುತ್ತಾರೆ. ಅಜ್ಜಿ ಮಾತ್ರ ಈ ವರ್ಷ ತಮಗೆ ಸಿಕ್ಕ ಗೊಂಬೆಯನ್ನು ಪದಕದ ಹಾಗೆ ಎತ್ತಿ ತೋರಿಸಿದ್ದರು. ಅವರ ಸಿಗಡಿ ತಮಾಲೆ ಅಂದರೆ ಊರಿಗೇ ಹೆಸರು. ಒಂದೊಂದು ತಮಾಲೆಯಿಂದಲೂ ಸಿಗಡಿಯ ಮೀಸೆ ಹೊರಗೆ ಇಣುಕಬೇಕು, ಆ ಜೋಳದ ಸಿಪ್ಪೆಯ ಎಳೆಯಿಂದ ಎರಡು ಗಂಟು ಬಿಗಿಯಬೇಕು. ಅಜ್ಜಿಯ ಗಂಟನ್ನು ಇಡೀ ಬೀದಿ ಗುರುತಿಸುತ್ತಿತ್ತು.

ಹಬ್ಬದ ಬೆಳಿಗ್ಗೆ ಮೀನಿನ ತಲೆ ಬಿಚ್ಚಿಬಿಡೋಣ ಎಂದು ಅರೇಲಿ ಲೆಕ್ಕ ಹಾಕಿದ್ದಳು. ಆದರೆ ಹಿಂದಿನ ಸಂಜೆಯೇ ಅಜ್ಜಿ ಗೋಡೆಗೆ ಹೊಸದಾಗಿ ಸುಣ್ಣ ಬಳಿಸಿದರು. ಬೆಳಿಗ್ಗೆ ಅರೇಲಿಗೆ ನೇರಳೆ ಬಣ್ಣದ ಹೊಸ ಫ್ರಾಕ್ ತೊಡಿಸಿದರು.

"ಗೋಡೆ ಹತ್ತಿರ ಹೋದರೆ ಜೋಕೆ! ಸುಣ್ಣ ಇನ್ನೂ ಹಸಿ."

ಮಧ್ಯಾಹ್ನಕ್ಕೆ ಬೀದಿಯ ಹನ್ನೆರಡು ಜನ ಹೆಂಗಸರು ಬಂದರು. ಸಿಗಡಿ ತಂದುಕೊಟ್ಟ ಮರ್ಯಾದೆಗೆ ಕುಕೋ ತಾತನೂ ಬಂದರು, ತಲೆ ಬಾಚಿಕೊಂಡು. ಮರದ ನೆರಳಲ್ಲಿ ಉದ್ದ ಮೇಜು, ಕಸೂತಿ ಹಾಕಿದ ಬಟ್ಟೆ, ಎಂಬತ್ತು ತಮಾಲೆ. ಬಿಸಿಲೇರಿತು. ಗಾಳಿ ನಿಂತಿತು.

ಮೊದಲು ದೋನ್ಯಾ ಬ್ರಿಹಿದಾ ತಮ್ಮ ತಮಾಲೆ ಬಿಚ್ಚಿದರು. ಮೂಗಿನ ಹತ್ತಿರ ತಂದರು. ಮತ್ತೆ ಸುತ್ತಿಟ್ಟರು.

"ಯಾಕೆ ಬ್ರಿಹಿದಾ, ತಿನ್ನಲ್ವಾ?" ಎಂದರು ಅಜ್ಜಿ.

"ತಿಂತೀನಿ, ತಿಂತೀನಿ. ಡಾಕ್ಟರು ಸ್ವಲ್ಪ... ನಿಧಾನ ಅಂದಿದಾರೆ."

ಅವರ ಪಕ್ಕ ದೋನ್ಯಾ ತೋಮಾಸಾ ಕೂತಿದ್ದರು. ಮನಸ್ಸಲ್ಲಿದ್ದದ್ದನ್ನು ಬಾಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಅವರಿಗಿಲ್ಲ.

"ಎರ್ಮಿನಿಯಾ, ಬೇಜಾರು ಮಾಡ್ಕೋಬೇಡ. ಈ ಸಿಗಡಿ ಯಾವತ್ತಿಂದು?"

ಮೇಜಿನ ಸುತ್ತ ಕೈಗಳೆಲ್ಲ ನಿಂತವು. ಅಜ್ಜಿ ಒಂದು ತಮಾಲೆ ಎತ್ತಿ ಮೂಸಿದರು. ಇನ್ನೊಂದು ಎತ್ತಿ ಮೂಸಿದರು. ಆ ವಾಸನೆಯಲ್ಲಿ ಯಾವುದು ತಮಾಲೆ, ಯಾವುದು ಗಾಳಿ ಎಂದು ಅವರಿಗೂ ತಿಳಿಯಲಿಲ್ಲ. ಅವರು ಕುಕೋ ಕಡೆ ತಿರುಗಿದರು.

"ಕುಕೋ, ನಂಬಿ ತಗೊಂಡೆನಲ್ಲೋ! ನನಗೆ ಹಳೇ ಸಿಗಡಿ ಕೊಟ್ಟೆಯಾ?"

ಕುಕೋ ಬಾಯಿ ತೆರೆದರು. ಮರದ ಕಡೆ ನೋಡಿದರು. ಅರೇಲಿ ಕಡೆ ನೋಡಿದರು. ಬಾಯಿ ಮುಚ್ಚಿದರು. ಬಾಚಿದ ತಲೆ ಕೆರೆದುಕೊಂಡರು.

"ಇರಬಹುದು ದೋನ್ಯಾ ಎರ್ಮಿನಿಯಾ. ವಯಸ್ಸಾಯ್ತು. ಕಣ್ಣು ಸರಿಯಾಗಿ ಕಾಣಲ್ಲ."

ಕುಕೋ ತಾತ ಬೆಳಿಗ್ಗೆ ನಾಲ್ಕಕ್ಕೆ ಎದ್ದು, ದೋಣಿಯವರ ಹತ್ತಿರ ಜಗಳವಾಡಿ ತಂದ ಸಿಗಡಿ ಅದು. ಬುಟ್ಟಿ ತಲುಪಿದಾಗ ಒಂದೆರಡು ಇನ್ನೂ ಜಿಗಿಯುತ್ತಿದ್ದವು.

ಅಜ್ಜಿ ಎದ್ದು ಒಳಗೆ ಹೋದರು. ಒಂದು ಬಕೆಟ್ ತಂದರು. ಮೇಜಿನ ಒಂದು ತುದಿಯಿಂದ ತಮಾಲೆಗಳನ್ನು ಒಂದೊಂದಾಗಿ ಎತ್ತಿ ಅದರೊಳಗೆ ಹಾಕತೊಡಗಿದರು. ಎರಡು ದಿನ ರುಬ್ಬಿ, ಕಟ್ಟಿ, ಬೇಯಿಸಿದ ತಮಾಲೆಗಳು. ಎಸೆಯುವಾಗಲೂ ಗಂಟು ಬಿಚ್ಚದ ಹಾಗೆ ಮೆಲ್ಲಗೆ ಇಡುತ್ತಿದ್ದರು.

ಮೇಲೆ ನೊಣಗಳು ಗುಂಯ್ ಎನ್ನುತ್ತಿದ್ದವು. ಇನ್ನು ಒಂದೇ ವಾರ. ಒಂದು ವಾರ ಸುಮ್ಮನಿದ್ದರೆ ಕಾಯಿ ಕಚ್ಚಬಹುದು.

ಬಕೆಟ್ಟಿಗೆ ಏಳನೆಯ ತಮಾಲೆ ಬಿತ್ತು.

"ನಿಲ್ಸು ಅಜ್ಜಿ!"

ಅರೇಲಿ ಓಡಿ ಗೋಡೆ ಹತ್ತಿದಳು. ಹಸಿ ಸುಣ್ಣದಲ್ಲಿ ಮೊಣಕಾಲು ಜಾರಿತು, ನೇರಳೆ ಫ್ರಾಕ್ ಅರ್ಧ ಬಿಳಿಯಾಯಿತು. ಎಲೆಯ ಮರೆಗೆ ಕೈ ಹಾಕಿ ಚೀಲ ಬಿಚ್ಚಿ ಎಳೆದಳು. ಕಪ್ಪು ಹೊಗೆಯ ಹಾಗೆ ನೊಣಗಳು ಎದ್ದವು. ಹನ್ನೆರಡು ಹೆಂಗಸರು ಹನ್ನೆರಡು ಕರವಸ್ತ್ರ ಮೂಗಿಗೊತ್ತಿಕೊಂಡರು.

"ಸಿಗಡಿ ಅಲ್ಲ, ಇದು," ಎಂದಳು ಅರೇಲಿ, ಮೀನಿನ ತಲೆಯನ್ನು ಎತ್ತಿ ಹಿಡಿದು. "ಕುಕೋ ತಾತಂದು ಏನೂ ತಪ್ಪಿಲ್ಲ. ನಾನೇ ಕಟ್ಟಿದ್ದು. ನೊಣ ಬೇಕಿತ್ತು."

"ನೊಣ ಬೇಕಿತ್ತಾ?" ಅಜ್ಜಿಯ ದನಿ ಚರ್ಚಿನ ಗಂಟೆಯ ಹಾಗೆ ಕೇಳಿತು. "ಯಾರಿಗೆ?"

"ಮರಕ್ಕೆ. ನೊಣ ಬರದಿದ್ರೆ ಕಾಯಿ ಕಚ್ಚಲ್ಲ. ನೀನು ಒಂದನ್ನೂ ಬಿಡಲ್ವಲ್ಲ..."

ಮೊದಲು ನಕ್ಕಿದ್ದು ತೋಮಾಸಾ. ನಗುತ್ತ ನಗುತ್ತ ಕುರ್ಚಿಯಿಂದ ಜಾರಿದರು. ಬ್ರಿಹಿದಾ ಸುತ್ತಿಟ್ಟಿದ್ದ ತಮಾಲೆಯನ್ನು ಸದ್ದಿಲ್ಲದೆ ಮತ್ತೆ ಬಿಚ್ಚಿ, ಅವತ್ತು ಐದು ತಿಂದರು. ಡಾಕ್ಟರ ಮಾತು ಯಾರಿಗೂ ನೆನಪಾಗಲಿಲ್ಲ. ಬಕೆಟ್ಟಿನೊಳಗಿನ ಏಳನ್ನೂ ಕುಕೋ ತಾತನೇ ತಿಂದರು, ಒಂದೊಂದಕ್ಕೂ "ಆಹಾ, ತಾಜಾ ಸಿಗಡಿ!" ಎನ್ನುತ್ತ. ಅಜ್ಜಿ ಅವರ ತಟ್ಟೆಗೆ ಎಂಟನೆಯದನ್ನು ಹಾಕಿದರು. ಕ್ಷಮೆ ಕೇಳುವುದಕ್ಕೆ ಅಜ್ಜಿಗೆ ಗೊತ್ತಿದ್ದದ್ದು ಅದೊಂದೇ ದಾರಿ.

ಮೀನಿನ ತಲೆ ಗೋಡೆಯಾಚೆ ಹಾರಿತು. ಅರೇಲಿಗೆ ಶಿಕ್ಷೆ: ಫ್ರಾಕ್ ಅವಳೇ ಒಗೆಯಬೇಕು, ಗೋಡೆಗೆ ಅವಳೇ ಸುಣ್ಣ ಬಳಿಯಬೇಕು. ಸ್ಕೂಲು, ಹೋಂವರ್ಕ್ ಎಂದು ಗೋಡೆಯ ಕೆಲಸ ಮುಂದಕ್ಕೆ ಹೋಗಿ ಹೋಗಿ ಎರಡು ವಾರ ಕಳೆಯಿತು.

ಆ ಶನಿವಾರ ಅವಳು ಬ್ರಷ್ ಹಿಡಿದು ಗೋಡೆ ಹತ್ತಿದಳು. ಮೀನು ಕಟ್ಟಿದ್ದ ಕೊಂಬೆಯ ಹೂವೆಲ್ಲ ಒಣಗಿ ಕಂದಾಗಿತ್ತು. ಮುಟ್ಟಿದರೆ ಪುಡಿಪುಡಿ. ಆ ಕಂದು ಕಡ್ಡಿಗಳ ತುದಿಯಲ್ಲಿ ಏನೋ ಹಸಿರು. ಸಾಸಿವೆಯಷ್ಟು. ಕೆಲವು ಮೆಣಸಿನ ಕಾಳಿನಷ್ಟು.

"ಕುಕೋ ತಾತ! ಹೀಚು! ನೂರು ಇರಬೇಕು!"

"ಎಣಿಸಬೇಡ," ಎಂದರು ಕೆಳಗಿನಿಂದ ಕುಕೋ. "ತೊಂಬತ್ತು ಉದುರುತ್ತೆ. ಎಲ್ಲಾನೂ ಇಟ್ಕೊಂಡ್ರೆ ಮರ ಹೊರೋದು ಹೇಗೆ? ನಾಲ್ಕು ನಿಂತರೆ ನೀನು ರಾಣಿ." ಮೀನು ಹೆಚ್ಚುತ್ತಲೇ ಸೇರಿಸಿದರು: "ಈ ವಾರ ಯಾಕೋ ಹಳೇ ತಲೆಗೆ ಗಿರಾಕಿ ಜಾಸ್ತಿ."

"ಯಾರು ಬಂದಿದ್ರು?"

ಕುಕೋ ಕೈಯನ್ನು ಎದೆಯ ಮೇಲಿಟ್ಟುಕೊಂಡರು. "ಪ್ರಾಮಿಸ್ ಮಾಡಿದೀನಿ."

ಅರೇಲಿ ತಿರುಗಿ ಮರವನ್ನು ನೋಡಿದಳು. ಮನೆಯಿಂದ ದೂರದ, ಗಾಳಿ ಬೀದಿಯ ಕಡೆ ಬೀಸುವ ಆ ಪಕ್ಕದಲ್ಲಿ ತಡವಾಗಿ ಬಿಟ್ಟ ಹೂವು ಇನ್ನೂ ಹೊಸದಾಗಿತ್ತು. ಅಲ್ಲೂ ನೀರಿನ ಚೀಲಗಳು ತೂಗುತ್ತಿದ್ದವು. ಅವಳು ಸುಮ್ಮನೆ ಎಣಿಸಿದಳು. ಹನ್ನೊಂದು, ಹನ್ನೆರಡು, ಹದಿಮೂರು.

ಹದಿನಾಲ್ಕನೆಯದರಲ್ಲಿ ನೀರಿರಲಿಲ್ಲ. ಅದು ಹಳೆಯ ಕಿಟಕಿ ಪರದೆಯ ಜಾಲರಿ ತುಂಡಿನ ಚೀಲ. ಒಗೆದು, ಇಸ್ತ್ರಿ ಮಾಡಿದ್ದು. ಒಳಗೆ ಒಂದು ಮೀನಿನ ತಲೆ. ಚೆನ್ನಾಗಿ ತೊಳೆದಿದ್ದರು, ನಿಂಬೆಹಣ್ಣನ್ನೂ ಉಜ್ಜಿದ್ದರು. ಆದರೂ ಅದು ತನ್ನ ಕೈಲಾದಷ್ಟು ನಾರುತ್ತಿತ್ತು. ಚೀಲದ ಬಾಯಿಗೆ ಜೋಳದ ಸಿಪ್ಪೆಯ ಎಳೆ, ಎರಡು ಗಂಟು.

ಅರೇಲಿ ಗಂಟನ್ನು ಬೆರಳಿಂದ ಮುಟ್ಟಿದಳು. ಮತ್ತೆ ಎಲೆಗಳನ್ನು ಅದರ ಮುಂದೆ ಎಳೆದಳು, ಇನ್ನೂ ಸ್ವಲ್ಪ ಮರೆಯಾಗುವ ಹಾಗೆ.

ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ನಿಂತಿದ್ದರು, ಕೈಯಲ್ಲಿ ಬ್ಯಾಟು. ನೀಲಿ ಹೊಟ್ಟೆಯ ನೊಣವೊಂದು ಅವರ ಕಿವಿಯ ಪಕ್ಕದಲ್ಲೇ ಹಾದು ಮರದ ಕಡೆ ಹೋಯಿತು. ಬ್ಯಾಟು ಅರ್ಧ ಮೇಲೆದ್ದಿತು. ಅಲ್ಲೇ ನಿಂತಿತು. ಆಮೇಲೆ ಅಜ್ಜಿ ಅದರಿಂದ ನಿಧಾನವಾಗಿ ಬೆನ್ನು ಕೆರೆದುಕೊಂಡರು.

"ಅಜ್ಜಿ," ಎಂದಳು ಅರೇಲಿ ಗೋಡೆಯ ಮೇಲಿಂದ, "ನಿಂಗೇನಾದ್ರೂ ವಾಸನೆ ಬರ್ತಿದೆಯಾ?"

ಮೂರು ಬೀದಿ ಆಚೆ ಹಾಲು ಉಕ್ಕಿದರೂ ಹೇಳಬಲ್ಲ ಅಜ್ಜಿ ಮೂಗೆತ್ತಿ ಗಾಳಿಯನ್ನು ಎಳೆದುಕೊಂಡರು.

"ಇಲ್ಲಪ್ಪ. ನಿನಗೆ?"

ಅರೇಲಿ ಬ್ರಷ್ಷನ್ನು ಸುಣ್ಣಕ್ಕೆ ಅದ್ದಿದಳು.

"ನಂಗೂ ಇಲ್ಲ."