ಕೊಡದ ಮಾದರಿ

ಮಂಗಳವಾರ ಬೆಳಗ್ಗೆ ಹತ್ತೂಕಾಲಿಗೆ ಠಾಣೆಯ ಮೆಟ್ಟಿಲ ಬಳಿ ಬಂದ ಹೆಂಗಸು ಒಳಗೆ ಕಾಲಿಡಲು ಬಹಳ ಹೊತ್ತು ತೆಗೆದುಕೊಂಡಳು. ಒಂದು ಮೆಟ್ಟಿಲು ಹತ್ತುವುದು, ಇಳಿಯುವುದು, ರಸ್ತೆಯ ಕಡೆ ತಿರುಗುವುದು. ಕೊನೆಗೆ ಕಾವಲಿಗಿದ್ದ ಕಾನ್ಸ್‌ಟೇಬಲ್ಲೇ ಬೇಸತ್ತು, "ಒಳಗೆ ಹೋಗಮ್ಮ, ಯಾರೂ ನುಂಗಲ್ಲ" ಎಂದ. ಆಕೆ ಹೊಲಿಗೆಯವಳು. ಅಳತೆಯ ಟೇಪು ಕೊರಳಲ್ಲಿ ಹಾಗೇ ಇತ್ತು, ತೆಗೆದಿಡುವುದನ್ನು ಮರೆತು ಬಂದಿದ್ದಳು.

"ಯಾರ ಮೇಲೆ ದೂರು?" ಇನ್ಸ್‌ಪೆಕ್ಟರ್ ಕೇಳಿದರು.

"ಹೆಣ್ಣುಮಕ್ಕಳ ಆಸ್ಪತ್ರೆ ಮೇಲೆ."

"ಏನು ಮಾಡಿದ್ರು?"

ಆಕೆ ನೆಲ ನೋಡುತ್ತಾ, "ಹೆಂಗಸರ ವಿಷಯ ಸರ್" ಎಂದಳು.

ಇನ್ಸ್‌ಪೆಕ್ಟರ್ ಹೆಣ ಕಂಡು ಹೆದರಿದವರಲ್ಲ, ಕತ್ತಿ ಹಿಡಿದವನ ಎದುರು ಬರಿಗೈಯಲ್ಲಿ ನಿಂತವರು. ಈ ಎರಡು ಪದ ಕೇಳಿದ್ದೇ ತಡ ಕುರ್ಚಿಯಿಂದ ಎದ್ದು, "ಮೈಕಕ್ಕಾ!" ಎಂದು ಕೂಗಿಬಿಟ್ಟರು.

ಮೈಕಕ್ಕ ಎಂದರೆ ಆ ಠಾಣೆಯ ಒಬ್ಬಳೇ ಮಹಿಳಾ ಹೆಡ್ ಕಾನ್ಸ್‌ಟೇಬಲ್. ಆಕೆ ಮಾತಾಡಿದರೆ ಎದುರು ಬದಿಯ ಅಂಗಡಿಯವನಿಗೂ ಕೇಳುತ್ತಿತ್ತಾದ್ದರಿಂದ ಆ ಹೆಸರು. ಅವತ್ತು ಯಾಕೋ ಮೆಲ್ಲಗೆ ಬಂದು ಮೆಲ್ಲಗೆ ಕೂತಳು. ಹೊಲಿಗೆಯವಳ ಮಾತನ್ನು ತಲೆ ಎತ್ತದೆ ಕೇಳಿದಳು.

ವಿಷಯ ಇಷ್ಟು. ಆಸ್ಪತ್ರೆಯ ಸಂಶೋಧನಾ ಕೇಂದ್ರದವರು ಹೆಂಗಸರಿಗೆ ಬರುವ ಒಂದು ಕ್ಯಾನ್ಸರ್, ಅದನ್ನು ತರುವ ವೈರಸ್ ಸೋಂಕಿನ ಬಗ್ಗೆ ಅಧ್ಯಯನ ನಡೆಸುತ್ತಿದ್ದರು. ಡಾಕ್ಟರ ಮುಂದೆ ಮಲಗಲು ಹೆಂಗಸರು ನಾಚುತ್ತಾರೆಂದು ಸುಲಭದ ದಾರಿ ಹುಡುಕಿದ್ದರು. ಕೇಂದ್ರದ ಕಾರ್ಯಕರ್ತೆ ಮನೆಗೇ ಬಂದು ಒಂದು ಸಣ್ಣ ಬ್ರಷ್ಷು, ಔಷಧದ ನೀರು ತುಂಬಿದ ಒಂದು ಕೊಳವೆ ಕೊಡುತ್ತಾಳೆ. ಹೆಂಗಸು ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ತಾನೇ ಮಾದರಿ ತೆಗೆದು ಕೊಳವೆಯಲ್ಲಿಟ್ಟು ವಾಪಸ್ ಕೊಡಬೇಕು. ಯಾರೂ ನೋಡುವುದಿಲ್ಲ, ಮುಟ್ಟುವುದಿಲ್ಲ.

"ನಾನು ಕೊಡಲೇ ಇಲ್ಲ" ಎಂದಳು ಹೊಲಿಗೆಯವಳು. "ಬೇಡ ಅಂತ ಕಳಿಸ್ದೆ. ಹೋದ ವಾರ ಆಸ್ಪತ್ರೆಯಿಂದ ಫೋನ್ ಬಂತು. ನಮ್ಮ ಮನೆಯವರು ಎತ್ತಿದ್ರು. ನಿಮ್ಮ ಹೆಂಡತಿ ಮಾದರೀಲಿ ಸೋಂಕು ಸಿಕ್ಕಿದೆ, ಕರ್ಕೊಂಡು ಬನ್ನಿ ಅಂದ್ರಂತೆ."

ಗಂಡ ಬಸ್ ಡ್ರೈವರ್. ಡಿಪೋದಲ್ಲಿ ಎಲ್ಲ ತಿಳಿದವನೊಬ್ಬ, ಅದು ಗಂಡಸರ ಸಹವಾಸದಿಂದ ಬರುವ ಸೋಂಕು ಎಂದು ಕಿವಿಗೆ ಊದಿದ್ದ. ಅಂದು ಸಂಜೆಯೇ ಅತ್ತೆ ಸೊಸೆಯ ಹೊಲಿಗೆ ಮಷೀನನ್ನು ಬೀದಿಗೆ ತಂದಿಟ್ಟಳು. ಸೊಸೆ ಈಗ ಅಣ್ಣನ ಮನೆಯ ಮೂಲೆಯಲ್ಲಿದ್ದಾಳೆ.

"ಕೊಡದೇ ಇರೋದು ಹೇಗೆ ಸರ್ ಬಂತು? ಅಷ್ಟು ಹೇಳ್ಸಿ ಸಾಕು. ನನ್ನ ಮಾನ ಹೋಯ್ತು."

ಎಫ್‌ಐಆರ್ ಬರೆಯಲು ಕೂತ ರೈಟರ್ ಮೂರನೇ ಸಾಲಿಗೇ ಪೆನ್ನು ನಿಲ್ಲಿಸಿದ. "ಸರ್, ಎಲ್ಲಿಂದ ತೆಗೆದ ಮಾದರಿ ಅಂತ ಬರೀಲಿ? ದೇಹದ ಒಂದು ಭಾಗ ಅಂತ ಹಾಕ್ಲಾ?"

"ಯಾವ ಭಾಗ ಅಂತ ಕೋರ್ಟಲ್ಲಿ ಕೇಳ್ತಾರೆ."

"ಹಾಗಾದ್ರೆ ನೀವೇ ಹೇಳಿ ಸರ್."

ಇನ್ಸ್‌ಪೆಕ್ಟರ್ ಫ್ಯಾನ್ ನೋಡಿದರು. ರೈಟರ್ ಮೈಕಕ್ಕನನ್ನು ನೋಡಿದ. ಮೈಕಕ್ಕ ಕಿಟಕಿ ನೋಡಿದಳು. ಮೂವರೂ ಸರ್ಕಾರದ ಸಂಬಳ ತಿನ್ನುವವರು, ಕಾನೂನು ಓದಿದವರು, ಒಬ್ಬರ ಬಾಯಲ್ಲೂ ಆ ಪದ ಹೊರಡಲಿಲ್ಲ. ಕೊನೆಗೆ ದೂರು ತಂದವಳೇ ಗೋಡೆಯ ಕಡೆ ಮುಖ ಮಾಡಿ, "ಗರ್ಭಕೊರಳು ಅಂತ ಬರ್ಕೊಳ್ಳಿ" ಎಂದಳು. ರೈಟರ್ ಬರೆದುಕೊಂಡ.

ಮಧ್ಯಾಹ್ನ ಇನ್ಸ್‌ಪೆಕ್ಟರ್ ಸಂಶೋಧನಾ ಕೇಂದ್ರಕ್ಕೆ ಹೋದರು. ಮುಖ್ಯಸ್ಥೆಯಾದ ಡಾಕ್ಟರ್ ಚುರುಕಿನ ಹೆಂಗಸು, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಮೇಜಿನ ಮೇಲೆಲ್ಲ ಹುಡುಕುವ ಜಾತಿ. ದೂರಿನ ವಿಷಯ ಕೇಳಿ ಮೊದಲು ನಕ್ಕರು.

"ಸಾಧ್ಯವೇ ಇಲ್ಲ. ಆ ಬೀದಿಯಿಂದ ಎಂಟು ಕೊಳವೆ ಬಂದಿದೆ. ಎಂಟರಲ್ಲೂ ಸೋಂಕಿದೆ."

"ಎಂಟಕ್ಕೆ ಎಂಟೂ?"

"ಹೌದು. ಅದೂ ವೈರಸ್ಸಿನ ಒಂದೇ ತಳಿ. ಬೇರೆ ಬೀದಿಗಳಲ್ಲಿ ಹೀಗಿಲ್ಲ."

"ವಿಚಿತ್ರ ಅನ್ನಿಸಲಿಲ್ವಾ ನಿಮಗೆ?"

"ಅನ್ನಿಸ್ತು" ಎಂದು ಡಾಕ್ಟರ್ ಗೋಡೆಯ ಕಡೆ ನೋಡಿದರು. ಅಲ್ಲಿ ಊರಿನ ನಕ್ಷೆ ಇತ್ತು, ಆ ಒಂದು ಬೀದಿಗೆ ಕೆಂಪು ಬಣ್ಣ ಬಳಿದಿದ್ದರು. "ಖುಷಿಯಾಗಿತ್ತು, ನಿಜ ಹೇಳ್ತೀನಿ. ಏನೋ ಹೊಸದು ಸಿಕ್ಕಿತು ಅಂದ್ಕೊಂಡ್ವಿ. ಮುಂದಿನ ತಿಂಗಳು ದೊಡ್ಡ ಸಭೇಲಿ ಹೇಳೋದಿತ್ತು."

"ಎಂಟು ಹೆಂಗಸರಿಗೆ ಕಾಯಿಲೆ ಅಂತ ಖುಷಿ."

ಡಾಕ್ಟರ ಮುಖ ಕೆಂಪೇರಿತು. ಎದ್ದು ಹೋಗಿ ಶೀತಲ ಕೋಣೆಯ ಬೀಗ ತೆಗೆಸಿದರು. ಇಬ್ಬರು ಪಂಚರ ಸಮಕ್ಷಮದಲ್ಲಿ ಎಂಟು ಕೊಳವೆಗಳ ಪಂಚನಾಮೆ ನಡೆಯಿತು. ಎಂಟೂ ಒಬ್ಬರವೋ ಬೇರೆ ಬೇರೆಯವರವೋ ಎಂದು ನೋಡಲು ಸಾಧ್ಯವೇ ಎಂದು ಇನ್ಸ್‌ಪೆಕ್ಟರ್ ಕೇಳುವ ಮೊದಲೇ ಡಾಕ್ಟರ್ ಅದನ್ನೇ ಹೇಳಿದರು. ಎರಡು ದಿನ ಬೇಕಂತೆ.

"ಆದ್ರೆ ಒಂದು ಮಾತು. ಈ ನೀರಲ್ಲಿ ಜೀವಕೋಶಗಳೂ ಇರುತ್ತೆ, ನೋಡಿದ್ದೀವಿ. ಅವು ಕ್ಯಾನ್ಸರಿನ ಕಡೆ ತಿರುಗೋಕೆ ಶುರುವಾಗಿದೆ. ಒಬ್ಬಳದ್ದೇ ಆಗಿದ್ರೆ ಅವಳು ಯಾರು ಅಂತ ನಮಗೆ ಗೊತ್ತಿಲ್ಲ, ಅವಳು ಎಲ್ಲೋ ಓಡಾಡ್ಕೊಂಡಿದ್ದಾಳೆ. ಈಗ ಸಿಕ್ಕಿದ್ರೆ ಉಳಿಸ್ಕೋಬಹುದು. ತಡ ಆದ್ರೆ ನಾನು ಮಾತು ಕೊಡಲ್ಲ. ನೀವು ಹಿಡಿದು ಏನಾದ್ರೂ ಮಾಡಿ, ಮೊದಲು ನನ್ನ ಹತ್ರ ಕಳಿಸಿ."

ಬೀದಿಯ ಕೊಳವೆಗಳನ್ನೆಲ್ಲ ತಂದವಳು ಒಬ್ಬಳೇ. ಹೆಗಲಿಗೆ ನೀಲಿ ಚೀಲ ಹಾಕಿಕೊಂಡು ತಿರುಗುವ ಅವಳನ್ನು ಜನ ಚೀಲದಕ್ಕ ಎನ್ನುತ್ತಿದ್ದರು. ಕೇಂದ್ರದ ಅತ್ಯುತ್ತಮ ಕಾರ್ಯಕರ್ತೆ. ಅವಳು ಹೋದ ಮನೆಯಲ್ಲಿ ಯಾರೂ ಒಲ್ಲೆ ಎನ್ನುವುದಿಲ್ಲ ಎಂದು ಡಾಕ್ಟರ್ ಹೆಮ್ಮೆಯಿಂದ ಹೇಳಿ, ಹೇಳಿದ ಮೇಲೆ ತಾವೇ ತುಟಿ ಕಚ್ಚಿಕೊಂಡರು.

ಬುಧವಾರ ಇನ್ಸ್‌ಪೆಕ್ಟರ್, ಮೈಕಕ್ಕ ಇಬ್ಬರೂ ಬೀದಿಗೆ ಹೋದರು. ಇನ್ಸ್‌ಪೆಕ್ಟರ್ ಪ್ರತಿ ಮನೆಯ ಹೊರಗೆ ನಿಲ್ಲುವುದು, ಕೇಂದ್ರದವರು ಕೊಟ್ಟ ವಿಳಾಸದ ಪಟ್ಟಿ ಹಿಡಿದು ಮೈಕಕ್ಕ ಒಳಗೆ ಹೋಗುವುದು ಎಂದು ಮಾತಾಯಿತು. ಒಳಗಿನಿಂದ ಎಲ್ಲ ಕಡೆಯೂ ಒಂದೇ ಉತ್ತರ. ಕೊಟ್ಟಿಲ್ಲ. ಫೋನ್ ಬಂದಿತ್ತು. ಕಟ್ ಮಾಡಿದೆ. ಯಾರಿಗೂ ಹೇಳಿಲ್ಲ.

ಕೊನೆಯ ಮನೆಯ ಟೀಚರಮ್ಮ ಹೊಸಿಲವರೆಗೂ ಬಂದಳು. ಇನ್ಸ್‌ಪೆಕ್ಟರಿಗೆ ತಡೆಯಲಾಗಲಿಲ್ಲ. "ಅಲ್ಲಮ್ಮ, ಕೊಡದೇ ಇದ್ಮೇಲೆ ಅದು ನಂದಲ್ಲ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು?"

"ಹೇಳ್ಬೇಕಂದ್ರೆ ಆ ಮಾತು ಎತ್ತಬೇಕಲ್ಲ ಸರ್" ಎಂದು ಟೀಚರಮ್ಮ ಬಾಗಿಲು ಹಾಕಿಕೊಂಡಳು.

ಜೀಪಿನಲ್ಲಿ ಕೂತ ಮೇಲೆ ಇನ್ಸ್‌ಪೆಕ್ಟರ್ ಲೆಕ್ಕ ಹಾಕಿದರು. "ಹೊಲಿಗೆಯಮ್ಮನೂ ಸೇರಿ ಏಳಾಯ್ತು. ಎಂಟನೇದು?"

ಮೈಕಕ್ಕ ಕೈಯಲ್ಲಿದ್ದ ಪಟ್ಟಿಯನ್ನು ಮಡಚಿದಳು. ಜೀಪು ಅದೇ ಬೀದಿಯ ತುದಿಯಲ್ಲಿದ್ದ ಪೊಲೀಸ್ ಕ್ವಾರ್ಟರ್ಸ್ ಮುಂದೆ ಬಂತು.

"ನಿಲ್ಸಿ ಸರ್. ಎಂಟನೇದು ಇದೇ. ನಂದೇ ಮನೆ."

ಇನ್ಸ್‌ಪೆಕ್ಟರ್ ಬ್ರೇಕ್ ಒತ್ತಿದರು.

"ನನಗೂ ಫೋನ್ ಬಂತು" ಎಂದಳು ಮೈಕಕ್ಕ. ಇಷ್ಟು ಸಣ್ಣ ದನಿ ಅವಳ ಗಂಟಲಲ್ಲಿ ಇದೆ ಎಂದೇ ಅವರಿಗೆ ಗೊತ್ತಿರಲಿಲ್ಲ. "ನಾನು ಕೊಟ್ಟಿಲ್ಲ, ಆದ್ರೂ ಹೆದರಿಕೆ ಆಯ್ತು. ಕೊಡದೇ ಇದ್ರೂ ಹೇಗೋ ಗೊತ್ತಾಗಿರಬಹುದು ಅಂತ. ಹೋದ ವಾರದಿಂದ ನಿದ್ದೆ ಇಲ್ಲ ಸರ್. ಸತ್ತೇಹೋಗ್ತೀನಿ, ಮಕ್ಕಳು ಏನಾಗ್ತಾರೆ ಅಂತ ಮಲಗಿದ ಕಡೆ ಅದೇ ಯೋಚನೆ. ನಿನ್ನೆ ಆ ಯಮ್ಮ ಬಂದು ಕೂತಾಗಲಾದ್ರೂ ಹೇಳ್ಬೇಕಿತ್ತು. ನೆಲ ಬಿರಿದು ನುಂಗಬಾರದಾ ಅನ್ನಿಸ್ತು."

ಇನ್ಸ್‌ಪೆಕ್ಟರ್ ಬೈಯಬೇಕೆಂದು ಬಾಯಿ ತೆರೆದರು. ನಿನ್ನೆ ಫ್ಯಾನ್ ನೋಡುತ್ತಾ ಕೂತದ್ದು ನೆನಪಾಗಿ ಮುಚ್ಚಿದರು.

"ನೀವು ಸಾಕ್ಷಿ ಆದ್ರಿ. ಇನ್ಮೇಲೆ ಈ ತನಿಖೇಲಿ ನೀವಿರೋ ಹಾಗಿಲ್ಲ. ಪಕ್ಕದ ಠಾಣೆಯಿಂದ ಮಹಿಳಾ ಕಾನ್ಸ್‌ಟೇಬಲ್ ಕರೆಸ್ತೀನಿ" ಎಂದಷ್ಟೇ ಹೇಳಿದರು. ಅವಳ ಹೇಳಿಕೆಯನ್ನು ಅವತ್ತೇ ದಾಖಲಿಸಲಾಯಿತು.

ಶುಕ್ರವಾರ ಬೆಳಗ್ಗೆ ಡಾಕ್ಟರ ಫೋನ್ ಬಂತು. ಎಂಟೂ ಕೊಳವೆಗಳಲ್ಲಿದ್ದದ್ದು ಒಬ್ಬಳೇ ಹೆಂಗಸಿನದು.

ಮಧ್ಯಾಹ್ನ ಮೂರಕ್ಕೆ ಪೊಲೀಸರು ಕೇಂದ್ರ ತಲುಪಿದಾಗ ಚೀಲದಕ್ಕ ಹೊಸ ಕಾರ್ಯಕರ್ತೆಯರಿಗೆ ಪಾಠ ಹೇಳುತ್ತಿದ್ದಳು. ಕೈಯಲ್ಲಿ ಗರ್ಭಕೋಶದ ರಬ್ಬರಿನ ಪ್ರತಿಕೃತಿ. "ಕಣ್ಣು ಮೂಗು ಇದ್ದ ಹಾಗೇ ಇದೂ ಒಂದು ಅಂಗ ಕಣ್ರಮ್ಮ. ಇದಕ್ಕೆ ಯಾಕೆ ನಾಚಿಕೆ? ನಾವೇ ನಾಚಿದ್ರೆ ಅವರು ಹೇಗೆ ಕೊಡ್ತಾರೆ?" ಬಾಗಿಲಲ್ಲಿ ಖಾಕಿ ಕಂಡದ್ದೇ ಕೈಯಲ್ಲಿದ್ದದ್ದನ್ನು ಮೇಜಿನ ಮೇಲಿಟ್ಟು, ಚೀಲ ಹೆಗಲಿಗೇರಿಸಿಕೊಂಡು ತಾನೇ ಎದುರು ಬಂದಳು.

ವಿಚಾರಣೆ ಡಾಕ್ಟರ ಕೋಣೆಯಲ್ಲಿ ನಡೆಯಿತು. ಪಕ್ಕದ ಠಾಣೆಯ ಮಹಿಳಾ ಕಾನ್ಸ್‌ಟೇಬಲ್ ಬಾಗಿಲ ಬಳಿ ನಿಂತಳು.

"ಎಂಟು ಮನೆಯವರು ಕೊಟ್ಟಿಲ್ಲ ಅಂತಾರೆ."

"ಹೌದು."

"ಕೊಳವೆ ತುಂಬ್ಸಿದ್ದು ಯಾರು?"

"ನಾನು."

"ಮಾದರಿ ಯಾರದ್ದು?"

ಚೀಲದಕ್ಕ ಚೀಲವನ್ನು ಎದೆಗೆ ಒತ್ತಿಕೊಂಡಳು.

"ಯಾರನ್ನ ಕಾಪಾಡ್ತಿದ್ದೀರಿ? ಆ ಹೆಂಗಸಿಗೆ ಕಾಯಿಲೆ ಇದೆ."

"ಗೊತ್ತು."

"ಗೊತ್ತಿದ್ದೂ ಸುಮ್ಮನಿದ್ದೀರಾ? ಅವಳು ಸಾಯ್ಲಿ ಅಂತಾನಾ? ಹೆಸರು ಹೇಳಿ!"

"ನಾನೇ ಸರ್" ಎಂದಳು ಚೀಲದಕ್ಕ.

ಡಾಕ್ಟರ್ ಕೈಯಲ್ಲಿದ್ದ ಕನ್ನಡಕ ಕೆಳಗಿಟ್ಟರು.

ನಂತರ ಅವಳೇ ಹೇಳಿದಳು. ಬೇರೆ ಬೀದಿಗಳಲ್ಲಿ ಹೇಗೋ ಒಪ್ಪಿಸಿದ್ದಳು. ಆ ಬೀದಿಯಲ್ಲಿ ಆಗಲಿಲ್ಲ. ನಾಳೆ ಬಾ ಅಂದರು, ಬಾಗಿಲು ಹಾಕಿದರು, ಕಿಟಕಿಯಿಂದ ನೋಡಿ ಮನೆಯಲ್ಲಿಲ್ಲ ಅಂದರು. ಕೇಂದ್ರದಲ್ಲಿ ಎಲ್ಲರೆದುರು ಡಾಕ್ಟರಮ್ಮ ಬೆನ್ನು ತಟ್ಟಿ, ನಿನಗೆ ಇಲ್ಲ ಅನ್ನೋರೇ ಇಲ್ಲ ಅಲ್ವಾ ಎಂದಿದ್ದರು. ಆ ಮಾತಿನ ಮುಂದೆ ಖಾಲಿ ಚೀಲ ಬಿಚ್ಚಲು ಅವಳಿಗೆ ಮುಖವಿರಲಿಲ್ಲ. ತನಗೇನೂ ಇರುವುದಿಲ್ಲ, ಎಲ್ಲವೂ ಸರಿಯಿದೆ ಎಂದೇ ಉತ್ತರ ಬರುತ್ತದೆ, ಯಾರಿಗೂ ನಷ್ಟವಿಲ್ಲ ಎಂದುಕೊಂಡು ಮನೆಯಲ್ಲಿ ಕೂತು ಎಂಟೂ ಕೊಳವೆ ತುಂಬಿಸಿದಳು.

"ಎಂಟಕ್ಕೂ ಸೋಂಕು ಅಂತ ಬಂದಾಗ?"

"ಕೈಕಾಲು ಆಡ್ಲಿಲ್ಲ ಸರ್."

"ಆಗಲಾದ್ರೂ ನನ್ನ ಹತ್ರ ಬರಬಾರ್ದಿತ್ತಾ?" ಡಾಕ್ಟರ್ ನಡುವೆ ಬಾಯಿ ಹಾಕಿದರು.

"ಏನಂತ ಬರಲಿ ಮೇಡಂ? ಗಂಡ ಹೋಗಿ ಎಷ್ಟೋ ವರ್ಷ ಆಯ್ತು. ಈಗ ಇದು ಬಂತು ಅಂದ್ರೆ ಜನ ಏನಂತಾರೆ? ಮಗಳಿಗೆ ಗಂಡು ನೋಡ್ತಿದ್ದೀನಿ."

"ಅದು ಒಳಗೆ ವರ್ಷಗಟ್ಟಲೆ ಸುಮ್ಮನೆ ಕೂತಿರುತ್ತೆ ಅಂತ ನಿನಗೆ ಗೊತ್ತಿಲ್ವಾ?"

"ಗೊತ್ತು. ಮನೆ ಮನೆಗೆ ನಾನೇ ಹೇಳ್ತೀನಲ್ಲ" ಎಂದು ಚೀಲದಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಬೇರೆಯವರಿಗೆ ಹೇಳೋದು ಸುಲಭ ಮೇಡಂ."

ಸುಳ್ಳು ಮಾದರಿ ಸೃಷ್ಟಿ, ನಂಬಿಕೆದ್ರೋಹದ ಆರೋಪದ ಮೇಲೆ ಸೂರ್ಯ ಮುಳುಗುವ ಮೊದಲು ಬಂಧನವಾಯಿತು. ನಿಯಮದಂತೆ ಮಗಳಿಗೆ ತಿಳಿಸಲಾಯಿತು. ಮಗಳು ಠಾಣೆಗೆ ಓಡಿ ಬಂದು, ತಾಯಿಯ ಮೇಲೆ ರೇಗಲೋ ಅಳಲೋ ತಿಳಿಯದೆ, ಕೊನೆಗೆ ನೀಲಿ ಚೀಲವನ್ನು ಅವಳ ಹೆಗಲಿನಿಂದ ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡು ಕೂತಳು.

ಮರುದಿನ ಡಿಪೋಗೆ ಇನ್ಸ್‌ಪೆಕ್ಟರ್ ತಾವೇ ಹೋದರು. ಎಲ್ಲ ತಿಳಿದವನೂ ಅಲ್ಲೇ ಇದ್ದದ್ದು ಒಳ್ಳೆಯದಾಯಿತು, ಇಬ್ಬರಿಗೂ ಒಟ್ಟಿಗೇ ಬಿಸಿ ಮುಟ್ಟಿಸಿದರು. ಸಂಜೆ ಡ್ರೈವರ್ ಬಾವನ ಮನೆಯ ಮುಂದೆ ತಲೆ ತಗ್ಗಿಸಿ ನಿಂತು, "ಮಷೀನು ಒಳಗೆ ತಂದಿಟ್ಟಿದ್ದೀನಿ, ಬಾರೇ" ಎಂದ.

"ಹೊರಗೆ ಹಾಕಿದ್ದನ್ನ ಇಡೀ ಬೀದಿ ನೋಡ್ತು" ಎಂದಳು ಹೊಲಿಗೆಯವಳು. "ಒಳಗೆ ತಂದದ್ದನ್ನ ಯಾರೂ ನೋಡಿಲ್ಲ. ಮತ್ತೆ ಹೊರಗಿಡಿ. ನಾಳೆ ಹಗಲು ಹೊತ್ತು ನೀವೂ ಅತ್ತೆಯೂ ಸೇರಿ ಎತ್ಕೊಂಡು ಹೋಗಿ. ಆಮೇಲೆ ಬರೋದು ಬಿಡೋದು ನೋಡ್ತೀನಿ."

ಸೋಮವಾರ ಮ್ಯಾಜಿಸ್ಟ್ರೇಟರ ಆದೇಶದ ಮೇರೆಗೆ ಚೀಲದಕ್ಕನನ್ನು ಚಿಕಿತ್ಸೆಗೆಂದು ಅದೇ ಆಸ್ಪತ್ರೆಗೆ ಕರೆತಂದರು. ಹೊರರೋಗಿಗಳ ಪಡಸಾಲೆ ತುಂಬಿತ್ತು. ಗರ್ಭಿಣಿಯರು, ಅವರ ಗಂಡಂದಿರು, ಅತ್ತೆಯಂದಿರು. ಕಾವಲಿನ ಕಾನ್ಸ್‌ಟೇಬಲ್ ಪಕ್ಕದಲ್ಲಿ ಚೀಲದಕ್ಕ ಮುಖ ಮುಚ್ಚಿಕೊಂಡು ಗೋಡೆಗೆ ಅಂಟಿ ಬೆಂಚಿನ ಮೇಲೆ ಕೂತಿದ್ದಳು. ಇನ್ಸ್‌ಪೆಕ್ಟರ್ ಕಾಗದ ಹಿಡಿದು ಕೌಂಟರಿನ ಮುಂದೆ ನಿಂತರು. ಒಳಗಿದ್ದವಳು ತಲೆ ಎತ್ತದೆ, "ಯಾವ ಪರೀಕ್ಷೆ?" ಎಂದಳು.

ಇನ್ಸ್‌ಪೆಕ್ಟರ್ ಕೆಮ್ಮಿದರು. ಕಾಗದವನ್ನು ಮುಂದೆ ತಳ್ಳಿದರು. "ಅದೇ... ಇದರಲ್ಲಿದೆ, ನೋಡಿ."

ಹಿಂದಿನಿಂದ ಯಾರೋ ಅವರನ್ನು ಪಕ್ಕಕ್ಕೆ ಸರಿಸಿದರು. ಮೈಕಕ್ಕ. ಖಾಕಿ ಇರಲಿಲ್ಲ, ರಜೆ ಹಾಕಿ ಮನೆಬಟ್ಟೆಯಲ್ಲಿ ಬಂದಿದ್ದಳು. ಕೌಂಟರಿಗೆ ಎರಡೂ ಕೈ ಊರಿ ನಿಂತಳು. ಅವಳ ಕಿವಿ ಕೆಂಪಾಗಿತ್ತು.

"ಗರ್ಭಕೊರಳಿನ ಕ್ಯಾನ್ಸರ್ ಪರೀಕ್ಷೆ!" ಎಂದಳು. ಅದು ಠಾಣೆಯಲ್ಲಿ ಎದುರು ಅಂಗಡಿಗೆ ಕೇಳುತ್ತಿದ್ದ ದನಿಯೇ. ಪಡಸಾಲೆಯ ಅಷ್ಟೂ ತಲೆಗಳು ತಿರುಗಿದವು. "ಇಬ್ಬರಿದ್ದೀವಿ. ಅವಳದ್ದು ಮೊದಲು ನೋಡಿ."

ಚೀಲದಕ್ಕ ಮುಖದಿಂದ ಸೆರಗು ತೆಗೆದು ನೋಡಿದಳು. "ನಾನು ಬಂದಾಗ ನಾಳೆ ಬಾ ಅಂದ್ರಿ ಅಕ್ಕ. ಮೂರು ಸಲ."

"ಹೂಂ, ಅಂದೆ" ಎಂದಳು ಮೈಕಕ್ಕ. ಅವಳ ಕಣ್ಣು ತುಂಬಿತ್ತು. ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಹೋಗಿ ಕೂತಳು.

ಆ ತಿಂಗಳ ಕೊನೆಗೆ ಇನ್ಸ್‌ಪೆಕ್ಟರ್ ದೋಷಾರೋಪಣ ಪಟ್ಟಿ ಸಿದ್ಧಪಡಿಸಿದರು. ಶಸ್ತ್ರಚಿಕಿತ್ಸೆ ಮುಗಿದು ಆರೋಪಿ ಜಾಮೀನಿನ ಮೇಲೆ ಮನೆಯಲ್ಲಿದ್ದಳು. ಗಡ್ಡೆ ಹರಡುವ ಮೊದಲೇ ಸಿಕ್ಕಿತು ಎಂದು ಡಾಕ್ಟರ್ ಹೇಳಿದ್ದರು. ಮೈಕಕ್ಕನಿಗೆ ಏನೂ ಇರಲಿಲ್ಲ. ಸಂಶೋಧನಾ ಕೇಂದ್ರದ ಗೋಡೆಯಿಂದ ನಕ್ಷೆ ಇಳಿದಿತ್ತು, ದೊಡ್ಡ ಸಭೆಗೆ ಡಾಕ್ಟರ್ ಹೋಗಲಿಲ್ಲ, ಎಂಟೂ ಮನೆಗೆ ತಾವೇ ನಡೆದುಹೋಗಿ ಕ್ಷಮೆ ಕೇಳಿ ಬಂದರು.

"ಅಪರಾಧಕ್ಕೆ ಪ್ರೇರಣೆ ಏನಂತ ಬರೀಲಿ ಸರ್?" ರೈಟರ್ ಕೇಳಿದ.

"ನಾಚಿಕೆ ಅಂತ ಬರಿ."

ರೈಟರ್ ಬರೆದ. ಬರೆದು, "ಆರೋಪಿಯ ನಾಚಿಕೆ ಅಂತ ಸೇರಿಸ್ಲಾ?" ಎಂದ.

ಇನ್ಸ್‌ಪೆಕ್ಟರ್ ಪೆನ್ನು ತೆಗೆದುಕೊಂಡರು. "ಬೇಡ, ಅಷ್ಟೇ ಇರಲಿ" ಎಂದು ಸಹಿ ಹಾಕಿ, ಮನೆಗೆ ಫೋನ್ ಮಾಡಿ ಹೆಂಡತಿಯನ್ನು ಕರೆದರು. ರೈಟರ್ ಎದ್ದು ಹೊರಗೆ ಹೋಗಲು ನೋಡಿದ. ಕೂತಿರು ಎಂದು ಕೈಸನ್ನೆ ಮಾಡಿ, ಅವನಿಗೆ ಕೇಳುವಂತೆಯೇ ಗರ್ಭಕೊರಳಿನ ಪರೀಕ್ಷೆಯ ಮಾತು ಶುರುಮಾಡಿದರು.