ಏಳನೇ ಹಾಡಿನ ಬಾಲ

ಗೋದುಬಾಯಿಯ ದನಿ ಗೋದುಬಾಯಿಯದಲ್ಲವಂತೆ!

ಬೆಳಿಗ್ಗೆ ಹತ್ತು ಗಂಟೆಗೆ ದಾಂಡೇಲಿಯ ವಾರಪತ್ರಿಕೆಯ ಕಚೇರಿಗೆ ಬಂದು ಎಪ್ಪತ್ತೆರಡರ ಆ ಮುದುಕಿ ಹೇಳಿದ್ದು ಇದನ್ನೇ. ವರದಿಗಾರ್ತಿ ಅನ್ನಪೂರ್ಣಾ ಚಹಾ ಕೆಳಗಿಟ್ಟಳು. ಮೊಮ್ಮಗಳು ಬಸುರಿ ರಾಜಶ್ರೀಯ ಕುಬಸದ, ಅಂದರೆ ಸೀಮಂತದ, ವಿಡಿಯೊಗೆ ಅಜ್ಜಿಯ ಸೋಬಾನೆ ಪದ ಜೋಡಿಸಿ ಇಂಟರ್‌ನೆಟ್ಟಿಗೆ ಏರಿಸಿದ್ದರು. ಎರಡೇ ದಿನಕ್ಕೆ ವಿಡಿಯೊ ಮಾಯ. ಈ ಹಾಡುಗಳ ಹಕ್ಕು ಹಳಿಯಾಳದ ಮಹಾಬಳೇಶ್ವರ ಅವರದು ಎಂದು ನೋಟಿಸು ಬಂದಿತ್ತು.

“ನನ್ನ ಗಂಟಲದಾಗಿಂದ ಬಂದದ್ದು ಅವರದ ಹೆಂಗ ಆತವ್ವಾ?”

ಕೇಳುವಾಗ ಅವಳ ದನಿ ಗೊಗ್ಗರಾಗಿತ್ತು. ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ಹಾಡು ನಿಂತೇ ಹೋಗಿತ್ತು. ಉಳಿದದ್ದು ಒಂದೇ ಒಂದು ಸಿ.ಡಿ. ೨೦೧೧ರಲ್ಲಿ ಕಾಗದದ ಕಾರ್ಖಾನೆಯ ಕಾಲೊನಿಯಲ್ಲಿ ಹೆಂಗಸರೆಲ್ಲ ಕೂಡಿ ಧ್ವನಿಮುದ್ರಿಸಿಕೊಂಡ ಹನ್ನೊಂದು ಪದಗಳು. ಈಗ ಆ ಸಿ.ಡಿ.ಯೂ ಮನೆಯಲ್ಲಿಲ್ಲ.

ಅನ್ನಪೂರ್ಣಾ ಮಹಾಬಳೇಶ್ವರನ ಪುಟ ತೆರೆದಳು. ನಿವೃತ್ತ ಉಪನ್ಯಾಸಕ, ಜಾನಪದ ಸಂಗ್ರಾಹಕ, ಶಾಲು ಹೊದ್ದ ಫೋಟೊ. ಕೆಳಗೆ ಹನ್ನೊಂದು ಹಾಡು. ‘ಧ್ವನಿಮುದ್ರಣ: ೨೦೧೯, ಹಳಿಯಾಳದ ಸ್ವಗೃಹ. ಹಾಡಿದವರು: ಓರ್ವ ಗ್ರಾಮೀಣ ಮಹಿಳೆ.’

ಓರ್ವ ಮಹಿಳೆ! ಹೆತ್ತವರಿಟ್ಟ ಹೆಸರೂ ಇಲ್ಲ ಅವಳಿಗೆ. ಅನ್ನಪೂರ್ಣಾಳಿಗೆ ಮೈಯೆಲ್ಲ ಉರಿಯಿತು. ಕೂಡಲೇ ಫೋನು ಹಚ್ಚಿದಳು.

“ಆಕೀನ ನಮ್ಮ ಮನಿಗೆ ಬಂದು ಹಾಡ್ಯಾಳ್ರಿ,” ಎಂದ ಮಹಾಬಳೇಶ್ವರ, ಬೆಣ್ಣೆಯಂಥ ದನಿಯಲ್ಲಿ. “ವಯಸ್ಸಾಗೇತಿ, ಮರತಾಳ. ಆ ಸಿ.ಡಿ. ನಾನ ಮಾಡಿಕೊಟ್ಟದ್ದು. ಕಳದಿದ್ರ ಕಂಪ್ಯೂಟರ್ ಅಂಗಡಿ ಪುಂಡಲೀಕನ್ನ ಕೇಳ್ರಿ. ಕಾಪಿ ಹೊಡಿಯೂದ ಅವನ ಉದ್ಯೋಗ.”

*

ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಪುಂಡಲೀಕ ಮುಖ ಗಂಟುಹಾಕಿ ಕೂತಿದ್ದ. ಗೋದುಬಾಯಿಯ ಓಣಿಯವರು ಆಗಲೇ ಬಂದು ಬೈದು ಹೋಗಿದ್ದರು.

“ಹೋದ ವರ್ಷ ರಾಜಶ್ರೀಗೆ ಕಾಪಿ ಮಾಡಿಕೊಟ್ಟಾಂವ ನಾನ. ಸಿ.ಡಿ. ಅವತ್ತ ವಾಪಸ್ ಕೊಟ್ಟೇನಿ. ಬೇಕಾದ್ರ ಆಕೀನ ಕೇಳ್ರಿ ಅಕ್ಕಾರ.”

ಕೇಳಿದಳು. ನಿಜ. ಮೂರು ತಿಂಗಳ ಹಿಂದಿನವರೆಗೆ ಸಿ.ಡಿ. ದೇವರ ಗೂಡಿನಲ್ಲೇ ಇತ್ತು.

“ನಿಮ್ಮ ಕಾಪಿ ಹಚ್ಚರಿ, ನೋಡೂಣು.”

ಮೂರನೇ ಹಾಡಿನ ನಡುವೆ ‘ಟಕ್’ ಎಂದಿತು. ಒಂದು ಮಾತು ಹಾರಿಹೋಯಿತು. ಮಹಾಬಳೇಶ್ವರನ ಪುಟದಲ್ಲಿ ಅದೇ ಹಾಡು, ಅದೇ ಜಾಗ. ಮಾತು ಇಡಿಯಾಗಿತ್ತು.

“ಸಿ.ಡಿ.ಗೆ ಗೀರು ಬಿದ್ದೈತ್ರಿ,” ಎಂದ ಪುಂಡಲೀಕ. “ನಾ ಹಾಕಿದ್ದು ಗಡಿಬಿಡಿ ಸಾಫ್ಟ್‌ವೇರ್. ಐದು ಮಿನಿಟಿನ್ಯಾಗ ಕೆಲಸ ಮುಗಸ್ತೈತಿ, ಗೀರು ಬಂದಲ್ಲಿ ಜಿಗೀತೈತಿ. ಇನ್ನೊಂದು ನಿಧಾನದ್ದು ಐತಿ. ಅದು ಒಂದೊಂದು ಚೂರನ್ನ ಎರಡೆರಡು ಸಲ ಓದಿ, ಎರಡೂ ಒಂದ ಆದ್ರಷ್ಟ ಮುಂದ ಹೋಗ್ತೈತಿ. ಕಡೀಕ ತಾರೀಖು ಹಾಕಿ ವರದಿನೂ ಬರದಿಡ್ತೈತಿ.”

“ಅಂದ್ರ ಅವರ ಹಾಡು ನಿಮ್ಮ ಕಾಪಿಯಿಂದ ಬಂದದ್ದಲ್ಲ.”

“ಹಾರಿದ ಮಾತು ನನ್ನ ಕಾಪಿಗೆ ಎಲ್ಲಿಂದ ಬರಬೇಕ್ರಿ?” ಪುಂಡಲೀಕ ತಲೆ ಕೆರೆದುಕೊಂಡ. “ಮೂರು ತಿಂಗಳ ಹಿಂದ ಆ ಸರ್ ಬಂದಿದ್ರು. ಗೀರು ಬಿದ್ದ ಸಿ.ಡಿ.ಗೆ ಯಾವ ಸಾಫ್ಟ್‌ವೇರ್ ಚಲೋ ಅಂತ ಕೇಳಿದ್ರು. ನಿಧಾನದ್ದ ಹಾಕ್ರಿ ಅಂತ ನಾನ ಬರಕೊಟ್ಟೆ.”

ಕೇಳಿದ್ದು ಅಪರಾಧವಲ್ಲ. ತನ್ನದೇ ಬೇರೆ ಸಿ.ಡಿ. ಎಂದರೆ ಮುಗಿಯಿತು. ೨೦೧೯ ಎಂಬುದು ಸುಳ್ಳೆಂದು ತೋರಿಸದ ಹೊರತು ಆ ಬೆಣ್ಣೆ ಕರಗುವಂತಿರಲಿಲ್ಲ.

*

ಮಧ್ಯಾಹ್ನ ಗೋದುಬಾಯಿಯ ಮನೆಯಲ್ಲಿ ಕೂತು ಅವನ ಪುಟದ ಹಾಡುಗಳನ್ನು ಒಂದೊಂದಾಗಿ ಕೇಳಿದರು. ಎಂಟನೆಯದು ಸುರುವಾದದ್ದೇ ಮುದುಕಿ ಕೈ ಎತ್ತಿದಳು.

“ಇದಕ್ಕ ತಲಿನ ಇಲ್ಲ. ಮೊದಲ್ನೇ ನುಡಿ ಎಲ್ಲಿ ಹೋತು?”

ಪುಂಡಲೀಕನ ಕಾಪಿಯಲ್ಲಿ ಮೊದಲ ನುಡಿ ಇತ್ತು. ಇಲ್ಲಿ ಹದಿನಾಲ್ಕು ಸೆಕೆಂಡು ಕತ್ತರಿಸಿ ಒಗೆದಿದ್ದರು. ಯಾಕೆ? ಇದೊಂದೇ ಹಾಡಿಗೆ ಯಾಕೆ?

“ಆಯಿ, ಏಳನೇದು ಮುಗದು ಎಂಟನೇದು ಸುರು ಆಗೂದ್ರೊಳಗ ಸಿ.ಡಿ.ಯೊಳಗ ಏನರ ಇತ್ತೇನು?”

ಗೋದುಬಾಯಿ ಸೆರಗು ಸರಿಮಾಡಿಕೊಂಡಳು. “ಹೆಣ್ಮಕ್ಕಳು ಸುಮ್ನ ಬಿಡಲಿಲ್ಲವ್ವಾ. ನನ್ನ ಕಡೆ ನಮ್ಮ ಯಜಮಾನರ ಹೆಸರಿನ ಒಡಪು ಹಾಕಿಸಿದ್ರು.”

ಅನ್ನಪೂರ್ಣಾ ಪುಂಡಲೀಕನಿಗೆ ಫೋನು ಮಾಡಿದಳು. ನಿಮ್ಮ ಕಾಪಿಯಲ್ಲಿ ಒಡಪು ಯಾಕಿಲ್ಲ?

“ಗಡಿಬಿಡಿ ಸಾಫ್ಟ್‌ವೇರ್ ಎರಡು ಹಾಡಿನ ನಡುವಿನ ಮಾತು ಬಿಟ್ಟಬಿಡ್ತೈತ್ರಿ. ನಿಧಾನದ್ದು ಬಿಡಂಗಿಲ್ಲ. ಹಿಂದಿನ ಹಾಡಿನ ಬಾಲಕ್ಕ ಹಚ್ಚತೈತಿ.”

ಅನ್ನಪೂರ್ಣಾ ಮತ್ತೆ ಏಳನೇ ಹಾಡು ಹಚ್ಚಿದಳು. ಹಾಡು ಮುಗಿದ ಮೇಲೂ ಫೋನು ಕಿವಿಯಿಂದ ತೆಗೆಯಲಿಲ್ಲ.

*

ಸಂಜೆ ನಾಲ್ಕಕ್ಕೆ ಹಳಿಯಾಳ. ಜೊತೆಗೆ ಹೆಡ್ ಕಾನ್‌ಸ್ಟೇಬಲ್ ಶಂಕ್ರಪ್ಪ. “ಹಾಡಿನ ಕಳವಿಗೆ ನಾವ್ಯಾಕ ಬರಬೇಕ್ರಿ” ಎಂದು ದಾರಿಯುದ್ದಕ್ಕೂ ಗೊಣಗಿದ್ದ. ಗೋದುಬಾಯಿಯೂ ಬಂದಿದ್ದಳು.

ಮಹಾಬಳೇಶ್ವರ ನಗುತ್ತ ಕುರ್ಚಿ ಎಳೆದ. “ಬರ್ರಿ ಬರ್ರಿ. ಪುಂಡಲೀಕ ಒಪ್ಪಿಕೊಂಡನೇನು?”

“ನೀವು ಹಾಕಿದ ಏಳನೇ ಹಾಡು ಕೇಳೂಣು ಸರ್. ಪೂರ್ತಿ,” ಎಂದಳು ಅನ್ನಪೂರ್ಣಾ.

ಹಾಡು ಮುಗಿಯಿತು. ಅವನು ಏಳಲು ಹೋದ. “ಕೂಡ್ರಿ. ಇನ್ನೂ ಐತಿ,” ಎಂದು ತಡೆದಳು.

ಒಂದೆರಡು ಕ್ಷಣ ಸದ್ದಿಲ್ಲ. ಆಮೇಲೆ ಹೆಂಗಸರ ನಗೆ. ಗೋದುಬಾಯಿಯ ತುಂಬುದನಿ:

“ಕಾಳಿ ಹೊಳಿ ನೀರು ತಂಪ, ಬಿದರ ಮೆಳಿ ನೆರಳ ತಂಪ, ಮೂರನೇ ಪಾಳಿ ಮುಗಿಸಿ ಬಂದ ಮಲಕಪ್ಪನ ಮಾತ ತಂಪ.”

ಅದರ ಬೆನ್ನಿಗೇ ಗಂಡಸಿನ ದನಿ: “ಸಾಕ ಬಿಡ ಗೋದೂ, ಮಂದಿ ನಗತಾರ.”

ಮುದುಕಿ ಕಣ್ಣು ಮುಚ್ಚಿಕೊಂಡಳು. ಮಹಾಬಳೇಶ್ವರನ ನಗೆ ಇಳಿದಿತ್ತು.

“ನಮ್ಮ ಕಡೆ ಆಯಿಯಂಥವರು ಗಂಡನ ಹೆಸರು ಬಾಯಿಬಿಟ್ಟು ಹೇಳೂದಿಲ್ಲ, ಒಡಪಿನ್ಯಾಗ ಅಷ್ಟ ಹೇಳತಾರ,” ಎಂದಳು ಅನ್ನಪೂರ್ಣಾ. “ಆಮ್ಯಾಲ ಮಾತಾಡಿದವರು ಮಲಕಪ್ಪನವರ. ಅವರು ತೀರಿಹೋದದ್ದು ೨೦೧೪ರಾಗ. ೨೦೧೯ಕ್ಕ ನಿಮ್ಮ ಮನಿಗೆ ಬಂದು ಹೆಂಗ ಮಾತಾಡಿದ್ರು ಸರ್?”

ಅನ್ನಪೂರ್ಣಾಳೇ ಬಿಡಿಸಿ ಹೇಳಿದಳು. ಒಡಪು ತನ್ನ ಬಣ್ಣ ಬಯಲು ಮಾಡುತ್ತದೆಂದು ಮಹಾಬಳೇಶ್ವರನಿಗೆ ಗೊತ್ತಿತ್ತು. ಸಿ.ಡಿ. ಪ್ಲೇಯರಿನಲ್ಲಿ ಅದು ಎಂಟನೇ ಹಾಡಿಗೆ ಮುಂಚೆ ಹದಿನಾಲ್ಕು ಸೆಕೆಂಡು ಕಾಣಿಸಿತು. ಕಾಪಿಯಲ್ಲೂ ಅಲ್ಲೇ ಇರುತ್ತದೆಂದುಕೊಂಡು ಎಂಟನೇ ಹಾಡಿನ ತಲೆಯಿಂದ ಅಷ್ಟನ್ನೇ ಕತ್ತರಿಸಿದ. ಸಾಫ್ಟ್‌ವೇರ್ ಅದನ್ನು ಏಳನೆಯದರ ಬಾಲಕ್ಕೆ ಹಚ್ಚಿತ್ತು. ಒಂದೇ ಒಂದು ಸಲ ಕೇಳಿದ್ದರೂ ತಿಳಿಯುತ್ತಿತ್ತು. ಜಾನಪದ ಸಂಗ್ರಾಹಕ ಹಾಡು ಕೇಳಲೇ ಇಲ್ಲ!

ಶಂಕ್ರಪ್ಪನ ಗೊಣಗಾಟ ನಿಂತಿತ್ತು. “ಕಂಪ್ಯೂಟರ್ ತಗೀರಿ ಸರ್ರ,” ಎಂದ, ಗಡುಸಾಗಿ. ಸಾಫ್ಟ್‌ವೇರ್ ಬರೆದಿಟ್ಟ ವರದಿ ಅಲ್ಲೇ ಸಿಕ್ಕಿತು. ತಾರೀಖು ಮೂರು ತಿಂಗಳ ಹಿಂದಿನದು. ಮೇಜಿನ ಖಾನೆಯಲ್ಲಿ ಸಿ.ಡಿ.ಯೂ ಸಿಕ್ಕಿತು.

ಗೋದುಬಾಯಿ ತಾರೀಖು ಕೇಳಿ ಬೆರಳು ಮಡಿಚಿದಳು. “ಅದರ ಹಿಂದಿನ ದಿನ ನನಗ ಶಾಲು ಹೊದಿಸಾಕ ಬಂದಿದ್ದ. ಅವಲಕ್ಕಿ ತಿಂದು, ಇನ್ನಷ್ಟು ಹಾಕವ್ವಾ ಅಂದಿದ್ದ.”

ಉಂಡ ಮನೆಯ ಜಂತೆ ಎಣಿಸುವವರನ್ನು ನಾವು ಕಂಡಿದ್ದೇವೆ. ಈತ ಜಂತೆಯನ್ನೇ ಕಿತ್ತುಕೊಂಡು ಹೋಗಿದ್ದ.

“ಜಾನಪದ ಉಳೀಲಿ ಅಂತ ಮಾಡಿದೆ, ಗೋದಕ್ಕಾ,” ಮಹಾಬಳೇಶ್ವರ ಕೈ ಜೋಡಿಸಿದ. “ಕೇಸು ಬ್ಯಾಡ. ಕೆಳಗ ನಿಮ್ಮ ಹೆಸರೂ ಹಾಕತೇನಿ.”

“ನನ್ನ ಹಾಡಿಗೆ ನನ್ನ ಹೆಸರ ಹಾಕಾಕ ನೀ ಯಾವಾಂವ?” ಎಂದಳು ಗೋದುಬಾಯಿ. “ನಡೀರಿ ಶಂಕ್ರಪ್ಪ, ಸ್ಟೇಷನ್ನಿಗೆ ಹೋಗೂಣು.”

*

ಸ್ಟೇಷನ್ನಿನಲ್ಲಿ ಶಂಕ್ರಪ್ಪ ಅವಳು ಹೇಳಿದ್ದನ್ನು ಬರೆದುಕೊಂಡ. ಹೆಸರು, ವಯಸ್ಸು, ಊರು. ಉದ್ಯೋಗದ ಮುಂದೆ ಕೇಳದೆಯೇ ಬರೆದ. ಎಲ್ಲ ಮುಗಿಸಿ ಗಟ್ಟಿಯಾಗಿ ಓದಿ ತೋರಿಸಿದ. “ಉದ್ಯೋಗ: ಮನೆಗೆಲಸ.”

“ಅದನ್ನ ಹೊಡದ ಹಾಕ್ರಿ,” ಎಂದಳು ಗೋದುಬಾಯಿ.

“ಮತ್ತೇನಂತ ಬರೀಲಿ ಆಯಿ?”

“ಹಾಡಾಕಿ ಅಂತ ಬರೀರಿ.”